ಪೋ ಮುರ್ಸಾನಿ ಮೈಕು ಹಿಡಿದದ್ದು

ನಮ್ಮ ಓಣಿಯಲ್ಲಿ ಅವಳನ್ನು ಬರೀ ಮುರ್ಸಾನಿ ಅಂತ ಯಾರೂ ಕರೆಯುವುದಿಲ್ಲ, ಪೋ ಮುರ್ಸಾನಿ ಅಂತಲೇ ಕರೆಯುವುದು. ಪೋ ಅಂದರೆ ಅಕ್ಕ. ಅವಳಿಗಿಂತ ದೊಡ್ಡವರ ಬಾಯಲ್ಲೂ ಅದೇ. ಬೆಳಿಗ್ಗೆ ಹಸಿದ ಹೊಟ್ಟೆಗೆ ಅನ್ನ ಹಾಕುವವಳು ವಯಸ್ಸಿನಲ್ಲಿ ಚಿಕ್ಕವಳಾದರೂ ಅಕ್ಕನೇ ಅಂತಿರಬೇಕು. ಶೂ ಫ್ಯಾಕ್ಟರಿಯ ಗೇಟಿನ ಮುಂದೆ ಅವಳದೊಂದು ಬೆಂಚು. ಅದರ ಮೇಲೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನದ ಬುಟ್ಟಿ, ಪಕ್ಕದಲ್ಲಿ ಹುದುಗಿಸಿದ ಸೋಯಾ ಕಾಳಿನ ಕರಿದ ತೆಂಪೆ ಬಿಲ್ಲೆ, ಎಳೆ ಎಳೆಯಾಗಿ ಹೆಚ್ಚಿದ ಆಮ್ಲೆಟ್ಟು, ಕಡಲೆಬೀಜದ ಖಾರದ ಚಟ್ನಿ. ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಾಳೆ, ಮೇಲೆ ಒಂದು ಚಿಟಿಕೆ ಹುರಿದ ಈರುಳ್ಳಿ ಉದುರಿಸುತ್ತಾಳೆ. ನಾನು ಜುಲೇಹಾ, ಅವಳ ಪಕ್ಕದ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡವಳು. ಗೋಡೆ ತೆಳ್ಳಗಿರುವುದರಿಂದ ಅವಳ ಮನೆಯ ಜಗಳ, ನಗು, ಒಗ್ಗರಣೆ ಎಲ್ಲದರಲ್ಲೂ ನನಗೆ ಪಾಲಿದೆ.

ಜಕಾರ್ತಾಕ್ಕೆ ಅಂಟಿಕೊಂಡ ತಾಂಗೆರಾಂಗಿನ ಅಂಚಿನಲ್ಲಿರುವ ನಮ್ಮ ಕೇರಿಯ ಹೆಸರು ರಾವಾ ಜಾಂಬು. ಪನ್ನೇರಳೆಯ ಜೌಗು ಅಂತ ಅರ್ಥ. ಈಗ ಜೌಗು ಮಾತ್ರ ಉಳಿದಿದೆ, ಅದೂ ಮಳೆಗಾಲದಲ್ಲಿ ಮನೆಯೊಳಗೆ. ಪನ್ನೇರಳೆ ಮರಗಳಿದ್ದದ್ದು ಮುರ್ಸಾನಿಯ ಅಪ್ಪನ ತೋಟದಲ್ಲಿ. ಅಪ್ಪ ತೋಟವನ್ನು ತುಂಡು ತುಂಡಾಗಿ ಮಾರಿದ. ಒಂದು ತುಂಡು ಹಜ್‌ಗೆ, ಒಂದು ದೊಡ್ಡ ಮಗನ ಮದುವೆಗೆ, ಒಂದು ಚಿಕ್ಕ ಮಗನ ಮೋಟಾರ್ ಸೈಕಲ್ಲಿಗೆ. ಹೆಣ್ಣುಮಗಳ ಸರದಿ ಬರುವ ಹೊತ್ತಿಗೆ ತುಂಡುಗಳು ಮುಗಿದಿದ್ದವು. ಕೊನೆಗೆ ಕೊಂಡವರು ಫ್ಯಾಕ್ಟರಿಯವರು. ತೋಟದ ಬಾವಿ ಇದ್ದ ಜಾಗದಲ್ಲೇ ಗೇಟು ಎದ್ದಿತು. ಮುರ್ಸಾನಿ ಅಮ್ಮನಿಂದ ಕಲಿತ ಅನ್ನವನ್ನು ಬುಟ್ಟಿಗೆ ಹಾಕಿಕೊಂಡು ಹೋಗಿ, ಬಾವಿಕಟ್ಟೆ ಇದ್ದ ಕಡೆ ಬೆಂಚು ಹಾಕಿದಳು. "ನಮ್ಮಪ್ಪ ಎಲ್ಲಾ ಮಾರ್ದ ಕಣೇ ಲೇಹಾ, ನಾನು ಕೂರೋಷ್ಟು ಜಾಗ ಮಾತ್ರ ಮಾರೋಕೆ ಮರ್ತೋದ" ಅಂತ ನಗುತ್ತಿದ್ದಳು. ಅದು ಅವಳ ಜಾಗ ಅಂತ ಯಾವ ಕಾಗದವೂ ಇಲ್ಲ. ಗೇಟಿನ ಮುಂದಿನ ವ್ಯಾಪಾರಿಗಳದೇ ಒಂದು ಕಟ್ಟುಪಾಡಿದೆ: ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರದವರೆಗೆ ಬಿಸಿ ಅಡುಗೆ ತರದವರ ಜಾಗ ಬೇರೆಯವರಿಗೆ ಸೇರುತ್ತದೆ. ಬೆಂಚು ಇಟ್ಟು ಬಂದರೆ, ಬಿಸ್ಕತ್ತು ಮಾರಿದರೆ ನಡೆಯುವುದಿಲ್ಲ. ಹೆರಿಗೆ, ಸಾವು ಇದ್ದರೆ ಮಾತ್ರ ವಿನಾಯಿತಿ. ತನ್ನ ಇಬ್ಬರು ಮಕ್ಕಳನ್ನು ಹೆತ್ತಾಗಲೂ ಮುರ್ಸಾನಿ ಆ ವಿನಾಯಿತಿಯನ್ನು ಪೂರ್ತಿ ಬಳಸಲಿಲ್ಲ.

ಹೀಗಿರುವಾಗ ಗ್ಯಾಸ್ ಮಾಯವಾಯಿತು.

ಅಂದರೆ ಸರ್ಕಾರ ಕಡಿಮೆ ಬೆಲೆಗೆ ಕೊಡುವ ಹಸಿರು ಪುಟ್ಟ ಸಿಲಿಂಡರು. ಆಕಾರ ನೋಡಿ ನಾವು ಅದಕ್ಕೆ ಕರಬೂಜ ಅನ್ನುತ್ತೇವೆ. ಅದರ ಹೊಟ್ಟೆಯ ಮೇಲೆ 'ಬಡವರಿಗೆ ಮಾತ್ರ' ಅಂತ ಬರೆದಿರುತ್ತದೆ. ಬಡವರು ಮಾತ್ರ ಅದನ್ನು ಹುಡುಕಿಕೊಂಡು ಅಲೆಯಬೇಕು ಅಂತ ಇದ್ದರೂ ಇರಬಹುದು. ಹಾಜಿ ಸರ್ಮಿಲಿಯ ಅಂಗಡಿಯ ಮುಂದೆ ಖಾಲಿ ಕರಬೂಜಗಳ ಸಾಲು ದಿನಾ ಉದ್ದವಾಗುತ್ತಿತ್ತು. ಹಾಜಿ ಒಳಗಿನಿಂದಲೇ "ಗಾಡಿ ಬಂದಿಲ್ಲ" ಅನ್ನುತ್ತಿದ್ದ. ಅಕ್ಕಿ ಏರಿತ್ತು, ಎಣ್ಣೆ ಏರಿತ್ತು, ತೆಂಪೆ ಬಿಲ್ಲೆ ದಿನೇ ದಿನೇ ತೆಳ್ಳಗಾಗಿ ಆಚೆ ಬದಿಯ ಬೆಳಕು ಕಾಣುವಂತಿತ್ತು. ಇದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲವೇ ಅಂದರೆ, ಮಾತಾಡುತ್ತಿದ್ದೆವು, ಆದರೆ ಪಿಸುಮಾತಿನಲ್ಲಿ. ಗಟ್ಟಿಯಾಗಿ ಆಡುವ ಮಾತೆಲ್ಲ ಬೇರೆಯೇ ಇತ್ತು. ಮೇಯರ್ ಚುನಾವಣೆ ಬಂದಿತ್ತು.

ಇಬ್ಬರು ನಿಂತಿದ್ದರು. ಹಾಜಿ ಬುರ್ಹಾನುದ್ದೀನರ ಬ್ಯಾನರಿನಲ್ಲಿ 'ಊರು ದೇವರದು, ದಾರಿ ನೇರದು' ಅಂತ ಇತ್ತು. ಎದುರಾಳಿಯ ಬ್ಯಾನರಿನಲ್ಲಿ 'ದೇವರ ಊರಿಗೆ ನೇರ ದಾರಿ' ಅಂತ ಇತ್ತು. ಒಂದು ಹಸಿರು, ಇನ್ನೊಂದು ಬಿಳಿ. ಇಬ್ಬರೂ ಧರ್ಮ ಅಪಾಯದಲ್ಲಿದೆ ಅನ್ನುತ್ತಿದ್ದರು, ಇಬ್ಬರೂ ಇನ್ನೊಬ್ಬನಿಂದ ಅನ್ನುತ್ತಿದ್ದರು. ಮುರ್ಸಾನಿಯ ಗಂಡ ತೋಹಿರ್ ಮೊದಲು ಬಾಡಿಗೆ ಬೈಕು ಓಡಿಸುತ್ತಿದ್ದವನು, ಬೈಕು ಕೆಟ್ಟ ಮೇಲೆ ಇಬ್ಬರ ಬ್ಯಾನರನ್ನೂ ಕಟ್ಟುವ ಕೆಲಸ ಹಿಡಿದಿದ್ದ. ಬೆಳಿಗ್ಗೆ ಹಸಿರು, ಸಂಜೆ ಬಿಳಿ.

"ಬಾಂಗ್, ನಿಮ್ಮ ಓಟು ಯಾರಿಗೆ?" ಅಂತ ನಾನೊಮ್ಮೆ ಕೇಳಿದೆ. ಇಲ್ಲಿ ಗಂಡಸರನ್ನು ಬಾಂಗ್ ಅನ್ನುವುದು, ಅಣ್ಣ ಅಂದ ಹಾಗೆ.

"ಏಣಿ ಯಾರು ಕೊಡ್ತಾರೋ ಅವ್ರಿಗೆ" ಅಂದ.

ಮುರ್ಸಾನಿ ಸೌದೆಯಲ್ಲಿ ಬೇಯಿಸತೊಡಗಿದಳು. ಕರೆಂಟಿನ ಕುಕ್ಕರು ಹಾಕಿದರೆ ನಮ್ಮ ಬಾಡಿಗೆ ಸಾಲಿನ ಕೋಣೆಗಳ ದೀಪವೆಲ್ಲ ಒಟ್ಟಿಗೇ ಆರಿಹೋಗುತ್ತದೆ, ಅದು ಆಗದ ಮಾತು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಫ್ಯಾಕ್ಟರಿಯವರು ಎಸೆದ ಹಲಗೆ ಉರಿಸಿದಳು. ಅನ್ನಕ್ಕೆ ಹೊಗೆ ವಾಸನೆ ಹತ್ತುತ್ತಿತ್ತು. ಕೆಲವು ಹುಡುಗಿಯರು ಮೂಗು ಮುರಿದರು, ಕೆಲವರು ಅಜ್ಜಿಮನೆ ನೆನಪಾಯಿತು ಅಂದರು. ಹೇಗೋ ನಡೆಯುತ್ತಿತ್ತು. ಆಗ ನಮ್ಮ ಓಣಿಯ ಮುಖಂಡ, ನಾವು ಪಾಕ್ ಆರ್‌ಟಿ ಅನ್ನುವವರು, ಒಂದು ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದು ಒಲೆಯ ಮುಂದೆ ನಿಂತರು.

"ಪೋ, ಇದನ್ನ ಸ್ವಲ್ಪ ದಿನ ಆರಿಸ್ಬೇಕಲ್ಲ."

"ಯಾಕೆ ಪಾಕ್?"

"ನಿನ್ನ ಹಿತ್ತಿಲ ಹಿಂದಿರೋ ಮಸೀದಿ ಗೋಡೆಗೆ ಈಗ ತಾನೇ ಸುಣ್ಣ ಆಗಿದೆ. ಬುಧವಾರ ಹಾಜಿ ಬುರ್ಹಾನುದ್ದೀನ್ ಬರ್ತಾರೆ. ಊರಿಗಾಗಿ ದೊಡ್ಡ ದುವಾ, ಎಲ್ರೂ ಸೇರಿ ಪ್ರಾರ್ಥನೆ. ಬಿಳಿ ಗೋಡೆ ಮೇಲೆ ನಿನ್ನ ಹೊಗೆ ಕೂತ್ರೆ ಏನಂತಾರೆ?"

"ನಾನು ಅನ್ನ ಮಾಡ್ಲಿಲ್ಲ ಅಂದ್ರೆ ನನ್ನ ಮಕ್ಳು ಏನಂತಾರೆ?"

"ದೇವರ ಕೆಲಸಕ್ಕೆ ನಾಲ್ಕು ದಿನ ಸಹಿಸ್ಕೊಳ್ಳಕ್ಕಾಗಲ್ವಾ? ಅವ್ರೇ ಬರ್ತಿದ್ದಾರಲ್ಲ, ಗ್ಯಾಸ್ ವಿಷಯ ಅವ್ರನ್ನೇ ಕೇಳು. ತಾಯಂದಿರ ಮಾತು ಕೇಳಿಸ್ಕೊಳ್ಳೋಕೇ ಬರೋದು ಅವ್ರು."

ಆ ಕೊನೆಯ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಒಲೆ ಆರಿಸಿದಳು. ಶನಿವಾರ ಗೇಟಿಗೆ ಹೋಗಲಿಲ್ಲ. ಅವಳ ಜಾಗದ ಪಕ್ಕದಲ್ಲಿ ಬಹಳ ದಿನದಿಂದ ಒಬ್ಬ ಕೋಳಿಗಂಜಿ ಮಾರುವವನು ಕೈಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಚಿರೆಬೊನ್ ಕಡೆಯವನು, ಹೆಸರು ವಾಸ್ತುರಾ, ಮೆತ್ತಗಿನ ಮನುಷ್ಯ. ಅವನಿಗೆ ಸಿಕ್ಕಿದ್ದು ಚರಂಡಿಯ ಬಾಯಿಯ ಪಕ್ಕದ ಜಾಗ. ಅವನು ಹೆಚ್ಚು ಹಣ ಕೊಟ್ಟು ಎಲ್ಲಿಂದಲೋ ದೊಡ್ಡ ಸಿಲಿಂಡರು ತರುತ್ತಿದ್ದ, ಅವನ ಒಲೆ ಆರಿರಲಿಲ್ಲ. ಮುರ್ಸಾನಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು. "ಶುಕ್ರವಾರದೊಳಗೆ ಗ್ಯಾಸ್ ಸಿಗ್ಬೇಕು ಕಣೇ. ಬುಧವಾರ ಕೇಳಿದ್ರೆ ಗುರುವಾರ ಕಳಿಸ್ತಾರೆ ಅಲ್ವಾ?" ಅಂತ ನನ್ನನ್ನು ಕೇಳಿದಳು. ನನಗೇನು ಗೊತ್ತು, ನಾನೇನು ಮೇಯರೇ? ಕಳಿಸ್ತಾರೆ ಅಂದೆ.

ಬುಧವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಸೀದಿಯ ಅಂಗಳದ ಶಾಮಿಯಾನದಲ್ಲಿ ಹೆಂಗಸರೆಲ್ಲ ಒಂದೇ ಬಣ್ಣದ ತಲೆವಸ್ತ್ರ ಹೊದ್ದು ಕೂತೆವು. ಬಟ್ಟೆ ಅವರೇ ಕಳಿಸಿದ್ದು, ಅಂಚು ಹೊಲಿದವಳು ನಾನು, ಬಣ್ಣ ಮಾತ್ರ ಯಾರ ಮುಖಕ್ಕೂ ಒಪ್ಪುತ್ತಿರಲಿಲ್ಲ. ಹಾಜಿ ಬುರ್ಹಾನುದ್ದೀನರು ಚೆನ್ನಾಗಿ ಮಾತಾಡುತ್ತಾರೆ, ಸುಳ್ಳು ಹೇಳಬಾರದು. ನಮ್ಮ ನಂಬಿಕೆಯ ಮೇಲೆ ಕಣ್ಣು ಬಿದ್ದಿದೆ ಅಂದರು. ಯಾರ ಕಣ್ಣು ಅಂತ ಹೇಳಲಿಲ್ಲ, ಆದರೂ ನನಗೆ ಬೆನ್ನು ತಣ್ಣಗಾಯಿತು. ಆಮೇಲೆ ತಾಯಂದಿರ ಕಾಲಡಿ ಸ್ವರ್ಗ ಇದೆ, ನಾನು ಇವತ್ತು ತಾಯಂದಿರ ಬಾಯಿಂದ ಕೇಳಬೇಕು, ಯಾರಾದರೂ ಒಬ್ಬರು ಮಾತಾಡಿ ಅಂದರು. ನಾನು ಮುರ್ಸಾನಿಯ ಸೊಂಟಕ್ಕೆ ತಿವಿದೆ. ಎದ್ದಳು. ಯಾರೋ ಮೈಕು ಕೊಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಸೀದಿಯ ಮೈಕಿನಲ್ಲಿ ಎರಡೇ ಬಗೆಯ ಮಾತು ಬರುತ್ತದೆ. ಒಂದು ಯಾರು ಸತ್ತರು ಅನ್ನುವುದು, ಇನ್ನೊಂದು ದುವಾ. ಚಿಕ್ಕಂದಿನಿಂದ ಪ್ರತಿ ಗುರುವಾರದ ಹೆಂಗಸರ ಕುರಾನ್ ಓದಿನಲ್ಲಿ ಕೂತು ಕೂತು ನಮಗೆ ಒಂದು ರೂಢಿ ಬಂದಿದೆ. ಮೈಕು ಹಿಡಿದವರು ಒಂದು ಮಾತು ಹೇಳಿ ಉಸಿರು ತೆಗೆದುಕೊಂಡರೆ ಸಾಕು, ನಾವು ಆಮೀನ್ ಅನ್ನುತ್ತೇವೆ. ಅರ್ಥ ಕಿವಿಗೆ ಬೀಳುವ ಮೊದಲೇ ಬಾಯಿ ಅಂದುಬಿಟ್ಟಿರುತ್ತದೆ. ಮುರ್ಸಾನಿಗೂ ಮೈಕಿನಲ್ಲಿ ಮಾತಾಡಲು ಬೇರೆ ದಾರಿ ಗೊತ್ತಿರಲಿಲ್ಲ. ಸಲಾಂ ಹೇಳಿದಳು, ದೇವರಿಗೆ ಸ್ತುತಿ ಹೇಳಿದಳು, ಒಂದು ಕೈಯಲ್ಲಿ ಮೈಕು ಇದ್ದದ್ದರಿಂದ ಇನ್ನೊಂದು ಕೈಯನ್ನು ತಾನೇ ತಾನಾಗಿ ಎದೆಯ ಮುಂದೆ ಚಾಚಿ ಅಂಗೈ ಮೇಲಕ್ಕೆ ಮಾಡಿದಳು.

"ನಮ್ಮ ಕೇರಿಗೆ ಗ್ಯಾಸ್ ಬಂದು ತುಂಬಾ ದಿನ ಆಯ್ತು" ಅಂದಳು.

"ಆಮೀನ್" ಅಂದೆವು ಎಲ್ಲರೂ.

ಅವಳು ಒಮ್ಮೆ ಸುತ್ತ ನೋಡಿದಳು. "ಸರ್ಮಿಲಿ ಅಂಗಡಿ ಮುಂದೆ ನಿಂತೂ ನಿಂತೂ ಕಾಲು ಊದ್ಕೊಂಡಿದೆ."

"ಆಮೀನ್."

"ಶುಕ್ರವಾರದೊಳಗೆ ಬೇಕು ಹಾಜಿ, ಇಲ್ದಿದ್ರೆ ನನ್ನ ಜಾಗ ಹೋಗುತ್ತೆ."

"ಆಮೀನ್, ಆಮೀನ್."

"ಇಲ್ಲ, ಇಲ್ಲ. ನಾನು ಕೇಳ್ತಿದ್ದೀನಿ. ನೀವು ಏನ್ ಮಾಡ್ತೀರಿ ಹೇಳಿ."

"ಆಮೀನ್, ಓ ಲೋಕದೊಡೆಯಾ" ಅಂತ ಮುಂದಿನ ಸಾಲಿನ ಮುದುಕಿಯರು ಅಳಲು ಶುರು ಮಾಡಿದರು. ಮುರ್ಸಾನಿಯೂ ಅತ್ತಳು. ಅವಳು ಅತ್ತದ್ದು ಭಕ್ತಿಯಿಂದಲ್ಲ, ಮೈ ಉರಿದು. ಆದರೆ ಕಣ್ಣೀರಿನ ಮೇಲೆ ಏನೂ ಬರೆದಿರುವುದಿಲ್ಲವಲ್ಲ. ಇಡೀ ಶಾಮಿಯಾನ ಅತ್ತಿತು. ನಾನೂ ಅತ್ತೆ, ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ಹಾಜಿ ಬುರ್ಹಾನುದ್ದೀನರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ಒಬ್ಬ ತಾಯಿಯ ದುವಾ ಕೇಳಿದೆವು, ಇನ್ನು ನನಗೆ ಏನೂ ಬೇಡ" ಅಂದರು. ಎಲ್ಲರೂ ಎರಡೂ ಅಂಗೈಯಿಂದ ಮುಖ ಸವರಿಕೊಂಡೆವು. ಅಲ್ಲಿಗೆ ದುವಾ ಮುಗಿಯಿತು. ಮುರ್ಸಾನಿ ಮೈಕು ಹಿಡಿದು ಇನ್ನೂ ನಿಂತೇ ಇದ್ದಳು, ಯಾರೋ ಬಂದು ಕೈಯಿಂದ ಬಿಡಿಸಿಕೊಂಡು ಹೋದರು.

ಊಟದ ಡಬ್ಬಿ ಹಂಚುವಾಗ ಅವಳು ಶಾಮಿಯಾನದ ಹಿಂದೆ ಕೈ ತೊಳೆಯಲು ಹೋದವಳು ಬರಲೇ ಇಲ್ಲ. ನಾನು ಹುಡುಕಿಕೊಂಡು ಹೋದೆ. ಅಲ್ಲಿ ಅಡುಗೆಯವರು ದೊಡ್ಡ ದೊಡ್ಡ ಒಲೆ ಹಚ್ಚಿದ್ದರು, ಗೋಡೆಯುದ್ದಕ್ಕೂ ಹಸಿರು ಕರಬೂಜಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹೊಟ್ಟೆಯ ಮೇಲೂ 'ಬಡವರಿಗೆ ಮಾತ್ರ' ಅಂತ ಇತ್ತು. ಮುರ್ಸಾನಿ ಅವುಗಳ ಮುಂದೆ ನಿಂತಿದ್ದಳು.

"ಇವು ಎಲ್ಲಿಂದ ಬಂದ್ವು?" ಅಂತ ಅಡುಗೆಯವನನ್ನು ಕೇಳಿದೆ.

"ಹಾಜಿ ಸರ್ಮಿಲಿ ಅಂಗಡಿಯಿಂದ. ದುವಾ ಊಟಕ್ಕೆ ಅಂತ ಎತ್ತಿಟ್ಟಿದ್ರು, ಪುಣ್ಯಾತ್ಮರು."

"ಲೇಹಾ" ಅಂದಳು ಮುರ್ಸಾನಿ, ತೀರಾ ಸಣ್ಣ ದನಿಯಲ್ಲಿ. "ದುವಾ ಊಟಕ್ಕೆ ಎತ್ತಿಟ್ಟ ಗ್ಯಾಸನ್ನ ಬೈದ್ರೆ ಪಾಪ ಬರುತ್ತಾ?"

ನಾನು ಅವಳ ಕೈ ಹಿಡಿದು ಊಟದ ಕಡೆ ಕರೆತಂದೆ. ಡಬ್ಬಿಯಲ್ಲಿದ್ದ ಕೋಳಿ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅವಳು ತನ್ನದನ್ನು ಮಕ್ಕಳಿಗೆ ಒಯ್ದಳು.

ಗುರುವಾರ ಬೆಳಿಗ್ಗೆ ಮತ್ತೆ ಸೌದೆ ಹಚ್ಚಲು ಹೋದರೆ ಪಾಕ್ ಆರ್‌ಟಿ ಓಡಿ ಬಂದರು. ಮುಂದಿನ ವಾರ ಎದುರಾಳಿಯೂ ಬರುತ್ತಾನಂತೆ, ಅವನದೂ ದೊಡ್ಡ ದುವಾ, ಗೋಡೆ ಅಲ್ಲಿಯವರೆಗೆ ಬಿಳಿಯಾಗಿರಬೇಕಂತೆ. "ನಿನ್ನೆ ಎಷ್ಟು ಚೆನ್ನಾಗಿ ದುವಾ ಮಾಡ್ದೆ ಪೋ, ನನ್ನ ಹೆಂಡ್ತಿ ರಾತ್ರಿ ಊಟಾನೇ ಮಾಡ್ಲಿಲ್ಲ" ಅಂತ ಬೇರೆ ಹೇಳಿದರು. ಮುರ್ಸಾನಿ ತಲೆವಸ್ತ್ರ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಹಾಜಿ ಬುರ್ಹಾನುದ್ದೀನರ ಚುನಾವಣಾ ಕಚೇರಿಗೆ ಹೊರಟಳು. ಅಲ್ಲಿ ಕನ್ನಡಕದ ಒಬ್ಬ ಯುವಕ ಕಂಪ್ಯೂಟರ್ ಮುಂದೆ ಕೂತಿದ್ದ. ಇವಳನ್ನು ನೋಡಿದವನೇ ಎದ್ದು ಬಂದು ಬಗ್ಗಿ ಅವಳ ಕೈಯನ್ನು ಹಣೆಗೆ ಒತ್ತಿಕೊಂಡ.

"ಅಮ್ಮಾ, ನೀವು. ಎಲ್ಲಾ ಫೋನಲ್ಲೂ ನೀವೇ. ನೋಡಿ ಎಷ್ಟು ಜನ ಅತ್ತಿದ್ದಾರೆ."

"ಅಪ್ಪಾ, ನಾನು ದುವಾ ಮಾಡ್ಲಿಲ್ಲ. ಗ್ಯಾಸ್ ಕೇಳ್ದೆ."

"ಹೌದಮ್ಮಾ, ಅದೇ. ಮನಸ್ಸಿಂದ ಬಂತು."

"ಮನಸ್ಸಿಂದ ಅಲ್ಲಪ್ಪಾ, ಅಡುಗೆಮನೆಯಿಂದ. ಒಲೆ ಉರೀತಿಲ್ಲ. ನಾಳೆ ಶುಕ್ರವಾರ."

ಅವನಿಗೆ ಏನೋ ತಪ್ಪಾಗಿದೆ ಅಂತ ಮಾತ್ರ ತಿಳಿಯಿತು, ಏನು ಅಂತ ತಿಳಿಯಲಿಲ್ಲ. "ಫೋಟೋ ಚೆನ್ನಾಗಿ ಬಂದಿಲ್ವಾ ಅಮ್ಮಾ? ಬೇರೆ ಹಾಕೋಣ್ವಾ?" ಅಂದ. ಕೆಟ್ಟವನಲ್ಲ ಪಾಪ. ಹೊರಡುವಾಗ ಇನ್ನೊಂದು ತಲೆವಸ್ತ್ರ, ಒಂದು ಕ್ಯಾಲೆಂಡರು ಕೊಟ್ಟ. ಯಾವ ಫೋಟೋ ಅಂತ ಕೇಳಲು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ದಾರಿಯಲ್ಲಿ ಮುರ್ಸಾನಿ ಕ್ಯಾಲೆಂಡರನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಾ, "ದೇವರನ್ನ ಗ್ಯಾಸ್ ಕೇಳೋಕೆ ನಾಚಿಕೆ ಆಗುತ್ತೆ ಕಣೇ. ಅವನಿಗೆ ಮಳೆ, ಸಾವು, ಹುಟ್ಟು ಅಂತ ಸಾವಿರ ಕೆಲಸ. ಅದಕ್ಕೇ ಇವ್ರನ್ನ ಕೇಳೋಣ ಅಂತ ಹೋದೆ. ಇವ್ರು ಅದನ್ನ ಎತ್ತಿ ಅವನಿಗೇ ಕಳಿಸಿಬಿಟ್ರು. ಈಗ ನನ್ನ ಅರ್ಜಿ ಯಾರ ಹತ್ರ ಇದೆ ಹೇಳು" ಅಂದಳು. ನಗುತ್ತಾಳೇನೋ ಅಂತ ನೋಡಿದೆ. ನಗುತ್ತಿರಲಿಲ್ಲ.

ಶುಕ್ರವಾರ ಸಂಜೆ ತೋಹಿರ್ ಮನೆಗೆ ಬಂದದ್ದು ಮದುವೆ ಗಂಡಿನ ಹಾಗೆ, ಹೆಗಲ ಮೇಲೆ ಒಂದು ಹಸಿರು ಕರಬೂಜ ಹೊತ್ತುಕೊಂಡು. ಅದನ್ನು ಮುರ್ಸಾನಿಯ ಮುಂದೆ ಇಳಿಸಿ ಅಲ್ಲಾಡಿಸಿ ತೋರಿಸಿದ. ಒಳಗೆ ಇನ್ನೂ ಅರ್ಧ ಇತ್ತು.

"ನೋಡೇ, ನಿನ್ನ ದುವಾ ಫಲಿಸ್ತು."

"ಎಲ್ಲಿ ಸಿಕ್ತು?"

"ಹಾಜಿ ಬುರ್ಹಾನುದ್ದೀನ್ ಕಮಿಟಿಯವ್ರು ಕೊಟ್ರು. ಬ್ಯಾನರ್ ಬಿಚ್ಚಿ ನೋಡಿದ್ರೆ ನಿನ್ ಮುಖ. ಇದು ನನ್ ಹೆಂಡ್ತಿ ಅಂದೆ. ಹೌದಾ ಅಂತ ಕೂರಿಸಿ ಟೀ ಕೊಟ್ಟು, ಊಟದವ್ರು ಬಿಟ್ಟು ಹೋಗಿದ್ದ ಕರಬೂಜ ಎತ್ತಿ ಕೊಟ್ರು."

"ಯಾವ ಬ್ಯಾನರು?"

"ನಿಂದೇ. ಕೈ ಎತ್ಕೊಂಡು ಅಳ್ತಿದೀಯಲ್ಲ, ಅದು. 'ತಾಯಿಯ ದುವಾ ನಮ್ಮ ಕಡೆ' ಅಂತ ಬರೆದವ್ರೆ. ಒಳ್ಳೆ ಜಾಗ ನೋಡಿ ಕಟ್ಟಿದೀನಿ. ನಿನ್ನ ಗೇಟಿನ ಮುಂದೇನೇ."

ಅವಳು ಕರಬೂಜವನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಗಿಲಿನಿಂದ ಇಣುಕುತ್ತಿದ್ದ ನನ್ನನ್ನೂ ನೋಡಿದಳು. ಸಂತೋಷಪಡಬೇಕೋ ಬೈಯಬೇಕೋ ಅವಳಿಗೆ ತೋಚಿದ ಹಾಗೆ ಕಾಣಲಿಲ್ಲ. ಕೊನೆಗೆ ಅಕ್ಕಿ ತೊಳೆಯಲು ಕೂತಳು. ಅನ್ನಕ್ಕೆ ಕಾಯಿ ತುರಿಯುತ್ತಾ ಮಧ್ಯೆ ಒಮ್ಮೆ ತಲೆ ಎತ್ತಿ, "ಹಾಗಾದ್ರೆ ನಿಜವಾಗ್ಲೂ ಫಲಿಸ್ತು ಅಂತೀಯಾ ಲೇಹಾ?" ಅಂದಳು. ಇರಬಹುದು ಅಂದೆ. ಅಂಥ ಹೊತ್ತಿನಲ್ಲಿ ಬೇರೆ ಏನು ಹೇಳಲು ಬರುತ್ತದೆ?

ಶನಿವಾರ ಬೆಳಿಗ್ಗೆ ನಾನೂ ಬುಟ್ಟಿಯ ಒಂದು ಕಿವಿ ಹಿಡಿದು ಹೋದೆ. ಹೊಗೆ ವಾಸನೆ ಇಲ್ಲದ ಅನ್ನ, ಹೊಸದಾಗಿ ಕುಟ್ಟಿದ ಚಟ್ನಿ. ದೂರದಿಂದಲೇ ಬ್ಯಾನರು ಕಂಡಿತು. ಫ್ಯಾಕ್ಟರಿ ಬೇಲಿಯ ಮೇಲೆ ಮುರ್ಸಾನಿಯ ಮುಖ ಒಂದು ಬಾಗಿಲಿನಷ್ಟಿತ್ತು. ಬಾಯಿ ಅರ್ಧ ತೆರೆದಿತ್ತು, ಅಂಗೈ ಆಕಾಶದ ಕಡೆ ಇತ್ತು. ಕೈಯಲ್ಲಿದ್ದ ಮೈಕನ್ನು ಮಾತ್ರ ಅಳಿಸಿಹಾಕಿದ್ದರು. ಅದರ ಕೆಳಗೆ, ಬಾವಿಕಟ್ಟೆ ಇದ್ದ ಕಡೆ, ವಾಸ್ತುರಾನ ಗಂಜಿ ಗಾಡಿ ನಿಂತಿತ್ತು. ಅವಳ ಬೆಂಚನ್ನು ಒರೆಸಿ, ಜೋಪಾನವಾಗಿ ಚರಂಡಿಯ ಬಾಯಿಯ ಪಕ್ಕ ಇಟ್ಟಿದ್ದ.

ನಮ್ಮನ್ನು ನೋಡಿ ಅವನು ಸೌಟು ಹಿಡಿದ ಕೈಯನ್ನೇ ಎದೆಗೆ ಇಟ್ಟುಕೊಂಡ. "ಪೋ, ನೀವು ಬರ್ತೀರಿ ಅಂತ ನನಗೆ ಗೊತ್ತಿರ್ಲಿಲ್ಲ. ಶುಕ್ರವಾರ ಕಳೀತು. ಮೇಲೆ ನಿಮ್ ಬ್ಯಾನರ್ ಬೇರೆ ಬಂತು. ಇನ್ನು ಪೋಗೆ ಬುಟ್ಟಿ ಹೊರೋ ಕಷ್ಟ ಇಲ್ಲ, ಹಾಜಿಯವ್ರು ನೋಡ್ಕೊಂಡಿರ್ತಾರೆ ಅಂದ್ಕೊಂಡ್ವಿ ಎಲ್ರೂ."

"ನೋಡ್ಕೊಂಡಿಲ್ಲ" ಅಂದಳು ಮುರ್ಸಾನಿ.

"ಹೌದಾ?" ಅಂದ ಅವನು. ನಂಬಲಿಲ್ಲ. ಸುತ್ತ ಇದ್ದ ವ್ಯಾಪಾರಿಗಳ ಕಡೆ ನೋಡಿದ. ಅವರು ಗ್ಲಾಸು ತೊಳೆಯುತ್ತಾ, ಕಾಫಿ ಕಲಕುತ್ತಾ ತಲೆ ತಗ್ಗಿಸಿದರು. ಕಟ್ಟುಪಾಡು ಕಟ್ಟುಪಾಡೇ, ಅದನ್ನು ಮಾಡಿದವರಲ್ಲಿ ಮುರ್ಸಾನಿಯೂ ಒಬ್ಬಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೀರಿಸಲಿ? ಗಂಜಿಯವನ ಮೇಲೋ, ತೋಹಿರನ ಮೇಲೋ, ಬಿಳಿ ಗೋಡೆಯ ಮೇಲೋ? ಬುಟ್ಟಿ ನಮ್ಮಿಬ್ಬರ ಕೈಯಲ್ಲೇ ಇತ್ತು, ಇಳಿಸಲು ಜಾಗವಿರಲಿಲ್ಲ.

ಆಗ ಪಾಳಿಗೆ ಬಂದ ಒಬ್ಬ ಹುಡುಗಿ ಬ್ಯಾನರನ್ನು ನೋಡಿದಳು, ಕೆಳಗೆ ಇವಳನ್ನು ನೋಡಿದಳು. ದಿನಾ ಇವಳ ಅನ್ನವನ್ನೇ ತಿನ್ನುತ್ತಿದ್ದ ಹುಡುಗಿ, ಯಾನಿ ಅಂತ. ಓಡಿ ಬಂದು ಮುರ್ಸಾನಿಯ ಕೈಯನ್ನು ಹಣೆಗೆ ಒತ್ತಿಕೊಂಡಳು.

"ಪೋ, ಮುಂದಿನ ತಿಂಗ್ಳು ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಒಂದು ದುವಾ ಮಾಡಿ ಪೋ. ನಿಮ್ಮದು ಫಲಿಸುತ್ತೆ ಅಂತಾರೆ."

"ತಿಂಡಿ ತಗೊಳ್ಳಮ್ಮಾ, ಬಿಸಿ ಇದೆ" ಅಂದಳು ಮುರ್ಸಾನಿ.

"ಗಂಜಿ ಆಯ್ತು ಪೋ." ಹುಡುಗಿ ನಾಚಿಕೊಂಡಳು. ಆದರೂ ಎರಡೂ ಅಂಗೈ ಮೇಲಕ್ಕೆ ಮಾಡಿ, ಕಣ್ಣು ಮುಚ್ಚಿ ಕಾದಳು. ಅವಳನ್ನು ನೋಡಿ ಇನ್ನೂ ಒಂದಿಬ್ಬರು ನಿಂತರು, ಅವರೂ ಕೈ ಎತ್ತಿದರು. ಫ್ಯಾಕ್ಟರಿಯ ಸೈರನ್ನು ಇನ್ನೇನು ಆಗುವುದರಲ್ಲಿತ್ತು.

ಮುರ್ಸಾನಿ ಬುಟ್ಟಿಯ ತನ್ನ ಬದಿಯ ಭಾರವನ್ನೂ ನನ್ನ ಕೈಗೆ ದಾಟಿಸಿದಳು. ಮೇಲೆ ತನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಯಾರನ್ನೂ ನೋಡದೆ ಹೇಳಿದಳು:

"ನನ್ನ ಜಾಗ ನನಗೆ ವಾಪಸ್ ಬೇಕು."

"ಆಮೀನ್" ಅಂದಳು ಹುಡುಗಿ. "ಆಮೀನ್" ಅಂದರು ಪಕ್ಕದವರು. ಗಂಜಿಯವನೂ ಸೌಟು ಕೆಳಗಿಟ್ಟು, ಕಣ್ಣು ಮುಚ್ಚಿ, ಆಮೀನ್ ಅಂದ.